ಏಣಿ ಅಕ್ಕನ ಪುಸ್ತಕ ತಪ್ಪಿದ ದಿನ

ಮಗಳಿಗೆ ಆಗ ಏಳು ವಾರ. ಕಿವಿ ಕೇಳುತ್ತದೆಯೇ ಎಂದು ನೋಡುವ ಮೊದಲ ಸಲದ ಪರೀಕ್ಷೆಯಲ್ಲಿ ಬಲಗಿವಿ ಸರಿಯಿತ್ತು, ಎಡಗಿವಿ ಪಾಸಾಗಿರಲಿಲ್ಲ. ಎರಡನೆಯ ಸಲ ಆಸ್ಪತ್ರೆಗೆ ಹೋದಾಗ ಪರೀಕ್ಷೆ ಮಾಡುವ ಹುಡುಗಿ ಹೇಳಿದ್ದು ಒಂದೇ ಮಾತು: ಮಗು ಗಾಢ ನಿದ್ದೆಯಲ್ಲಿರಬೇಕು. ಒಂದೂವರೆ ಗಂಟೆ ತಟ್ಟಿ, ತೂಗಿ, ಮಲಗಿಸಿಕೊಂಡು ಒಳಗೆ ಹೋದರೆ ಪರೀಕ್ಷೆಯ ಲ್ಯಾಪ್‌ಟಾಪೇ ಇಲ್ಲ. ಬೆಳಿಗ್ಗೆ ಯಾರೋ ವಾರ್ಡಿಗೆ ಒಯ್ದವರು ಎಲ್ಲೋ ಇಟ್ಟು ಮರೆತಿದ್ದರು.

ಆಗ ಕರೆಸಿದ್ದು ಏಣಿ ಅಕ್ಕನನ್ನು. ಆಸ್ಪತ್ರೆಯ ವೈ-ಫೈ ನೋಡಿಕೊಳ್ಳುವವರು, ಐವತ್ತು ದಾಟಿದವರು. ಬಲ್ಬು ಬದಲಿಸುವ ಕೆಲಸಕ್ಕೆ ಸೇರಿ, ಇಪ್ಪತ್ತು ವರ್ಷದಲ್ಲಿ ಕೇಳಿ, ಕೆಡಿಸಿ, ಬೈಸಿಕೊಂಡು ಈ ವಿದ್ಯೆ ಕಲಿತವರು. ಹೆಗಲ ಮೇಲೆ ಏಣಿ ಇಲ್ಲದೆ ಅವರನ್ನು ಕಂಡವರೇ ಇಲ್ಲವಂತೆ. ಮದುವೆ ಮಂಟಪಕ್ಕೂ ಏಣಿ ಹೊತ್ತೇ ಹೋಗಿರಬೇಕು ಎಂದು ನರ್ಸುಗಳು ಕಿಚಾಯಿಸುತ್ತಾರೆ.

ಕಟ್ಟಡದಲ್ಲೆಲ್ಲ ವೈ-ಫೈಗೆ ಹೆಸರು ಒಂದೇ. ಆದರೆ ಚಾವಣಿಗೆ ಅಂಟಿಕೊಂಡ ಪ್ರತಿ ಬಿಳಿ ಪೆಟ್ಟಿಗೆಗೂ ಹನ್ನೆರಡು ಅಂಕಿ-ಅಕ್ಷರಗಳ ತನ್ನದೇ ಗುರುತು ಇರುತ್ತದೆ. ಪುಣ್ಯಕ್ಕೆ ಲ್ಯಾಪ್‌ಟಾಪ್ ಆನ್ ಆಗಿಯೇ ಇತ್ತು. ಅದು ಯಾವ ಪೆಟ್ಟಿಗೆಯನ್ನು ಹಿಡಿದುಕೊಂಡಿದೆಯೆಂದು ಅಕ್ಕ ತಮ್ಮ ಕಂಪ್ಯೂಟರಿನಲ್ಲಿ ನೋಡಿ, ಯಾವ ಗುರುತಿನ ಪೆಟ್ಟಿಗೆ ಎಲ್ಲಿದೆಯೆಂದು ಬರೆದಿಟ್ಟ ರಟ್ಟು ಹರಿದ ಪುಸ್ತಕ ತೆರೆದು ಬೆರಳಿಟ್ಟರು. ಮೂರನೇ ಮಹಡಿ, ಉಗ್ರಾಣದ ಎದುರು.

"ಸಿಕ್ತು ಬಾಮ್ಮ," ಎಂದು ಹೊರಟರು. ಮಗುವನ್ನು ಹೆಗಲಿಗೆ ಹಾಕಿಕೊಂಡು ನಾನೂ ಹಿಂದೆ ಹಿಂದೆ. ಕೂತು ಕಾಯುವುದು ನನ್ನ ಕೈಲಾಗದ ಕೆಲಸ.

ಉಗ್ರಾಣವನ್ನೆಲ್ಲ ಜಾಲಾಡಿದೆವು. ಗಾಲಿಕುರ್ಚಿ, ಹಾಸಿಗೆ, ಕೆಟ್ಟ ತೂಕದ ಯಂತ್ರ ಎಲ್ಲ ಇವೆ, ಅದೊಂದಿಲ್ಲ. ಮಗಳು ಕೈ ಆಡಿಸಿದಳು. ಇನ್ನೇನು ಎದ್ದೇಬಿಟ್ಟಳು ಎಂದು ನಾನು ಮೆಲ್ಲಗೆ ಬೆನ್ನು ತಟ್ಟಿದೆ. ಅಕ್ಕ ಚಾವಣಿಯನ್ನೇ ದಿಟ್ಟಿಸಿ ನಿಂತಿದ್ದರು. ಆಮೇಲೆ ಏಣಿ ಹತ್ತಿ, ಪೆಟ್ಟಿಗೆ ಕಳಚಿ, ಬೆನ್ನಿಗಂಟಿಸಿದ ಚೀಟಿಯ ಗುರುತು ಓದಿ ಪುಸ್ತಕದೊಂದಿಗೆ ತಾಳೆ ನೋಡಿದರು.

"ಕಂಪ್ಯೂಟರ್ ಸರಿಯಾಗೇ ಹೇಳಿದೆ. ತಪ್ಪಿರೋದು ನನ್ನ ಪುಸ್ತಕ. ಗೋಡೆಗೆ ಬಣ್ಣ ಹೊಡೆಯೋಕೆ ಬಂದವ್ರು ಎರಡು ಪೆಟ್ಟಿಗೆ ಇಳಿಸಿದ್ರು, ಇದೊಂದು, ಲಸಿಕೆ ಕೋಣೇದೊಂದು. ತಿರುಗಿ ಹಾಕುವಾಗ ಅದಲು ಬದಲು ಮಾಡಿದಾರೆ. ನಾನು ನೋಡ್ಕೋಬೇಕಿತ್ತು."

ಅವಸರದಲ್ಲಿ ಇಳಿದು ಏಣಿ ಮಡಚುವಾಗ ಅದು ಕೈಜಾರಿ ಧಡಾರನೆ ನೆಲಕ್ಕೆ ಬಿತ್ತು. ಮಗಳು ಮಿಸುಕಲಿಲ್ಲ. ಸದ್ಯ ಬದುಕಿದೆ ಎಂದುಕೊಂಡೆ. ಎರಡು ಹೆಜ್ಜೆ ಇಟ್ಟವಳು ಥಟ್ಟನೆ ನಿಂತುಬಿಟ್ಟೆ. ಬಲಗಿವಿ ನನ್ನ ಹೆಗಲಿಗೆ ಒತ್ತಿಕೊಂಡಿತ್ತು. ಹೊರಗಿದ್ದದ್ದು ಎಡಗಿವಿ.

ಮೆಟ್ಟಿಲು ಇಳಿದದ್ದು ಹೇಗೋ ನೆನಪಿಲ್ಲ. ಲಸಿಕೆ ಕೋಣೆಯಲ್ಲಿ, ಮಡಚಿಟ್ಟ ಹೊದಿಕೆಗಳ ಕೆಳಗೆ ಲ್ಯಾಪ್‌ಟಾಪ್ ಇತ್ತು.

ಹತ್ತು ನಿಮಿಷದ ಪರೀಕ್ಷೆ. ನಾನು ಪರದೆಯ ಕಡೆ ನೋಡಲೇ ಇಲ್ಲ, ಆ ಹುಡುಗಿಯ ಹುಬ್ಬನ್ನೇ ನೋಡುತ್ತ ಕೂತೆ. ಎಡಗಿವಿ ಚೆನ್ನಾಗಿ ಕೇಳುತ್ತಿದೆ ಎಂದಳು. ಅದನ್ನೇ ಮೂರು ಸಲ ಹೇಳಿಸಿದೆ.

ಹೊರಗೆ ಅಕ್ಕ ಗೋಡೆಗೊರಗಿ, ಪುಸ್ತಕದಲ್ಲಿ ಎರಡು ಸಾಲು ಹೊಡೆದುಹಾಕಿ ಹೊಸದಾಗಿ ಬರೆಯುತ್ತಿದ್ದರು. ವಿಷಯ ಹೇಳಿದೆ. ಆದರೂ ತಡೆಯಲಾಗಲಿಲ್ಲ.

"ಹಾಗಾದ್ರೆ ಏಣಿ ಬಿದ್ದಾಗ ಯಾಕೆ ಏಳ್ಲಿಲ್ಲ ಅಕ್ಕಾ?"

"ನಿದ್ದೆ ಬಂದಿತ್ತು ಅವಳಿಗೆ," ಎಂದರು ತಲೆಯೆತ್ತದೆ. "ನೀನೂ ಮನೆಗೆ ಹೋಗಿ ಒಂಚೂರು ಮಲಗು."

ಆಯಿತೆಂದೆ. ಬಸ್ಸು ಹತ್ತಿ ಕೂತವಳು, ಮೊದಲ ನಿಲ್ದಾಣ ಬರುವ ಮುಂಚೆಯೇ ಮಗಳ ಎಡಗಿವಿಯ ಬಳಿ ಬೀಗದಕೈ ಗೊಂಚಲು ಅಲ್ಲಾಡಿಸಿದೆ. ಬೆಚ್ಚಿಬಿದ್ದು ಕಿರುಚಿ ಅತ್ತಳು. ಮಲಗಿದ ಕೂಸನ್ನು ಎಬ್ಬಿಸಿದ ತಾಯಿಯನ್ನು ಬಸ್ಸಿಗೆ ಬಸ್ಸೇ ದುರುಗುಟ್ಟಿ ನೋಡಿತು.