ಕಾವಲಿನಲ್ಲಿ ನಿಲ್ಲುತ್ತಿದ್ದ ನೀಲಿ ಕಾರು

ಚಳ್ಳಕೆರೆಯ ಐಟಿಐನಲ್ಲಿ ಎಂಜಿನ್ ಬಿಚ್ಚುವುದನ್ನೂ ಜೋಡಿಸುವುದನ್ನೂ ಕಲಿಸುವುದು ನನ್ನ ಕೆಲಸ. ಆ ಕೆಲಸದ ದೆಸೆಯಿಂದಲೇ ನನಗೊಂದು ಹಳೆಯ ಸ್ಪೋರ್ಟ್ಸ್ ಕಾರು ಸಿಕ್ಕಿತು. ಬಳ್ಳಾರಿಯ ಗಣಿ ಮಾಲೀಕರೊಬ್ಬರು ತಮ್ಮ ಭರಾಟೆಯ ದಿನಗಳಲ್ಲಿ ಕೊಂಡು, ಆಮೇಲೆ ಶೆಡ್ಡಿನಲ್ಲಿ ಮರೆತೇಬಿಟ್ಟಿದ್ದ ಕಾರು; ರಿಪೇರಿ ಬಲ್ಲವಳೆಂದು ನನಗೆ ಅಗ್ಗಕ್ಕೆ ಕೊಟ್ಟರು. ಎರಡೇ ಸೀಟು, ಹಿಂದಕ್ಕೆ ಮಡಚುವ ಚಾವಣಿ, ಮಾಸಿದ ನೀಲಿ ಬಣ್ಣ. ಒಳಗೆ ಕೂತರೆ ರಸ್ತೆಯ ಮೇಲೆ ಚಾಪೆ ಹಾಸಿಕೊಂಡು ಕೂತಂತಿರುತ್ತದೆ. ಪಕ್ಕದ ಹುಲ್ಲು ಭುಜದ ಎತ್ತರಕ್ಕೆ ಕಾಣುತ್ತದೆ.

ಅದರಲ್ಲಿ ಅಕ್ಕನನ್ನು ಕೂರಿಸಬೇಕೆಂಬುದು ನನ್ನ ಆಸೆಯಾಗಿತ್ತು. ಅಕ್ಕ ಮೊಳಕಾಲ್ಮೂರಿನ ತನ್ನ ಮನೆಯಲ್ಲೇ ರೇಷ್ಮೆ ಸೀರೆ ನೇಯುತ್ತಾಳೆ. ಅವ್ವ ಬೇಗ ತೀರಿಕೊಂಡಿದ್ದರಿಂದ ನನಗೆ ಜಡೆ ಹಾಕಿದವಳೂ ಶಾಲೆಗೆ ಕಳಿಸಿದವಳೂ ಅವಳೇ. ಫೋನಿನಲ್ಲಿ ಕಾರಿನ ವಿಷಯ ಹೇಳಿದಾಗ, "ಮ್ಯಾಲೆ ತೆರೆದಿರ್ತೈತಾ? ಹಂಗಾದ್ರೆ ಕೂತ್ಕಂಡೇ ಆಕಾಶ ನೋಡಬೋದು ಅನ್ನು" ಎಂದು ಸಣ್ಣ ಹುಡುಗಿಯ ದನಿಯಲ್ಲಿ ಹೇಳಿದ್ದಳು.

ಕಾರು ಮಾತ್ರ ಅವಳವರೆಗೆ ಹೋಗಲು ಒಪ್ಪಲಿಲ್ಲ. ಲಾರಿಗಳ ಕಾಟ ಬೇಡವೆಂದು ನಾನು ಹೆದ್ದಾರಿ ಬಿಟ್ಟು ಕುದಾಪುರದ ಕಡೆಯಿಂದ ಸುತ್ತು ಹಾಕಿ ಹೊರಟಿದ್ದೆ. ಆ ಹುಲ್ಲುಗಾವಲಿನ ನಡುವೆ, ನಾವು ಕಾವಲು ಅನ್ನುವ ಬಯಲಿನಲ್ಲಿ, ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಬಾನೆಟ್ ಎತ್ತಿ ನೋಡಿದೆ. ಕಿಡಿ ಬರುತ್ತಿತ್ತು, ಪೆಟ್ರೋಲ್ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ಕಾದು ಕೀ ತಿರುಗಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಚಾಲೂ ಆಯಿತು. ಹೆದರಿ ವಾಪಸು ಬಂದೆ.

ಐಟಿಐನ ಶೆಡ್ಡಿನಲ್ಲಿ ನಿಂತಲ್ಲೇ ಎಷ್ಟು ಹೊತ್ತು ಎಂಜಿನ್ ಓಡಿಸಿದರೂ ಅದು ನಿಲ್ಲದು. ಆದರೂ ಫಿಲ್ಟರ್ ಬದಲಿಸಿದೆ, ಟ್ಯಾಂಕಿನ ತಳದ ಜಾಲರಿ ತೊಳೆದೆ, ಪಂಪಿಗೆ ಕರೆಂಟು ಸರಿಯಾಗಿ ಹೋಗುತ್ತಿದೆಯೇ ಎಂದು ಪರೀಕ್ಷಿಸಿದೆ. ಮುಂದಿನ ಭಾನುವಾರ ಮತ್ತೆ ಅದೇ ಕಾವಲು, ಅದೇ ಕೆಮ್ಮು. ಬಿಸಿಲಿಗೆ ಪೆಟ್ರೋಲೇ ಆವಿಯಾಗುತ್ತಿರಬೇಕೆಂದು ಕೊಳವೆಗೆ ಒದ್ದೆ ಬಟ್ಟೆ ಸುತ್ತಿದೆ. ಅದರಿಂದಲೂ ಪ್ರಯೋಜನವಾಗಲಿಲ್ಲ.

ಬೇಸರವಾಗಬೇಕಿತ್ತು. ಆದರೆ ಎಂಜಿನ್ ಸುಮ್ಮನಾದ ಮೇಲಿನ ಆ ಮೌನ ನನಗೆ ಹಿಡಿಸತೊಡಗಿತು. ಸೀಟು ಹಿಂದಕ್ಕೆ ಬಾಗಿಸಿ ಮಲಗಿದರೆ ಗಾಳಿಗೆ ಹುಲ್ಲು ಒಮ್ಮೆ ಬೆಳ್ಳಿ, ಒಮ್ಮೆ ಹೊನ್ನು. ದೂರದ ಸಂಶೋಧನಾ ಕೇಂದ್ರಗಳ ಉದ್ದ ಗೋಡೆ ಬಿಸಿಲಿನಲ್ಲಿ ನೆಲ ಬಿಟ್ಟು ತೇಲುತ್ತಿತ್ತು. ಕಾಣದ ಹಕ್ಕಿಯೊಂದು ತಲೆಯ ಮೇಲೆಲ್ಲೋ ಒಂದೇ ಸಮನೆ ಹಾಡುತ್ತಿತ್ತು. ನಾನು ಅರ್ಧ ನಿದ್ದೆಯಲ್ಲಿ ಪೆಟ್ರೋಲಿನ ದಾರಿಯನ್ನು ನೆನೆಯುತ್ತಿದ್ದೆ. ಟ್ಯಾಂಕಿನಿಂದ ಪಂಪು, ಪಂಪಿನಿಂದ ಫಿಲ್ಟರು, ಅಲ್ಲಿಂದ ಕಾರಿನ ಹೊಟ್ಟೆಯಡಿ ಹರಿದು ಎಂಜಿನ್ನು. ನಾನೇ ಆ ಕೊಳವೆಯೊಳಗೆ ತಣ್ಣಗೆ ಸಾಗುತ್ತಿರುವಂತೆ ಅನಿಸುತ್ತಿತ್ತು.

ಕೊನೆಗೆ ಅಕ್ಕನೇ ಫೋನು ಮಾಡಿದಳು. "ನೀನು ಬರೋದು ಆಗಲ್ಲ ಬಿಡು. ಅದು ಎಲ್ಲಿ ನಿಲ್ತೈತೋ ಅಲ್ಲಿಗೆ ನಾನೇ ಬರ್ತೀನಿ."

ಆ ಭಾನುವಾರ ಒತ್ತಡ ತೋರಿಸುವ ಮೀಟರನ್ನು ಪೆಟ್ರೋಲ್ ಕೊಳವೆಗೆ ಜೋಡಿಸಿ, ಓಡಿಸುವಾಗಲೇ ಕಾಣುವಂತೆ ಮುಂದಿನ ಗಾಜಿಗೆ ಕಟ್ಟಿದ್ದೆ. ಕಾವಲು ಬರುತ್ತಿದ್ದಂತೆ ಅದರ ಮುಳ್ಳು ತೂಕಡಿಸುವವರ ತಲೆಯಂತೆ ಮೆಲ್ಲಗೆ ಬಾಗಿತು. ಕಾರು ನಿಂತಿತು. ನಾನು ಕಾಯುತ್ತ ಕೂತೆ. ಕುದಾಪುರದಲ್ಲಿ ಬಸ್ಸಿಳಿದ ಅಕ್ಕ, ಬಿಸಿಲುಕುದುರೆಯ ನಡುವೆ ಕೊಡೆ ಹಿಡಿದು, ನೀರಿನ ಮೇಲೆ ನಡೆದು ಬರುವವಳಂತೆ ಬಂದಳು.

"ಇದೇನಾ? ಎಷ್ಟು ಚಂದ ಐತೆ!" ಎಂದು ಬಾಗಿಲು ಸವರಿ, ಸೆರಗು ಸರಿಮಾಡಿಕೊಂಡು ಕೂತಳು. ಆಮೇಲೆ ತಲೆ ಹಿಂದಕ್ಕೆ ಚೆಲ್ಲಿ ಆಕಾಶ ನೋಡತೊಡಗಿದಳು.

ನಾನು ಹಿಂದೆ ಹೋಗಿ ಟ್ಯಾಂಕಿನ ಪಕ್ಕ ಕೂತು ಅವಳಿಗೆ ಕೀ ತಿರುಗಿಸಲು ಹೇಳಿದೆ. ಪಂಪು ತಿರುಗುತ್ತಿತ್ತು. ಆದರೆ ದನಿ ಏನನ್ನೋ ಎಳೆಯಲಾರದೆ ನರಳುವಂತಿತ್ತು. ಟ್ಯಾಂಕಿನಲ್ಲಿ ಪೆಟ್ರೋಲಿದೆ, ಜಾಲರಿ ಸ್ವಚ್ಛವಾಗಿದೆ, ಮತ್ತೇನು ಅಡ್ಡ?

ಅಷ್ಟರಲ್ಲಿ ಅಕ್ಕ ನೀರಿನ ಬಾಟಲಿಯನ್ನು ಕಚ್ಚಿ ಕುಡಿಯುವುದು ಕಂಡಿತು. ಕುಡಿದಂತೆಲ್ಲ ಪ್ಲಾಸ್ಟಿಕ್ ಒಳಕ್ಕೆ ಕುಗ್ಗುತ್ತಿತ್ತು. ಒಳಗೆ ಗಾಳಿ ಹೋಗದಿದ್ದರೆ ನೀರಾದರೂ ಹೇಗೆ ಹೊರಬರಬೇಕು? ಎದ್ದು ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಹುಸ್ಸೆಂದು ದೀರ್ಘವಾಗಿ ಗಾಳಿ ಒಳನುಗ್ಗಿತು.

ಅಕ್ಕ ಬೆಚ್ಚಿದಳು. "ಅದ್ಯಾರೇ ಉಸಿರು ಎಳ್ಕಂಡಂಗಾತು?"

"ಕಾರೇ ಅಕ್ಕಾ. ಈಗ ಕೀ ತಿರುಗ್ಸು."

ಪಂಪಿನ ನರಳಿಕೆ ನಿಂತಿತ್ತು. ಮುಳ್ಳು ಥಟ್ಟನೆ ಮೇಲೆದ್ದಿತು.

ಟ್ಯಾಂಕಿಗೆ ಗಾಳಿ ಹೋಗಲೆಂದೇ ಒಂದು ಸಣ್ಣ ರಬ್ಬರ್ ಕೊಳವೆ ಇರುತ್ತದೆ. ಹಿಂದಿನ ಚಕ್ರದ ಮೇಲೆ ಕೈಯಾಡಿಸಿ ಅದರ ತುದಿ ಎಳೆದೆ. ಬಾಯಿಯ ತುಂಬ ನಯವಾಗಿ ಮೆತ್ತಿದ ಮಣ್ಣು. ಕಾರು ಬಳ್ಳಾರಿಯ ಶೆಡ್ಡಿನಲ್ಲಿದ್ದಾಗಲೋ ನನ್ನಲ್ಲಿಗೆ ಬಂದ ಮೇಲೋ, ಕಡಜವೊಂದು ಅಲ್ಲಿ ಗೂಡು ಕಟ್ಟಿತ್ತು. ನಿಂತಲ್ಲೇ ಓಡುವ ಎಂಜಿನ್ನಿಗೆ ಮಣ್ಣಿನ ಸಂದಿಯಲ್ಲಿ ನುಸುಳುವ ಗಾಳಿಯೇ ಸಾಕು, ದಾರಿಯಲ್ಲಿ ಸಾಲದು; ಕಾದು ಕೂತರೆ ಮತ್ತೆ ತುಂಬಿಕೊಳ್ಳುತ್ತಿತ್ತು. ಪೆಟ್ರೋಲಿನ ದಾರಿಯನ್ನೇ ಹುಡುಕುತ್ತ ನಾನು ಗಾಳಿಯ ದಾರಿಯನ್ನು ನೋಡಿರಲೇ ಇಲ್ಲ. ತಂತಿಯಿಂದ ಚುಚ್ಚಲು ಹೋದಾಗ, ಇಳಿದು ಬಂದಿದ್ದ ಅಕ್ಕ ಕೈ ಹಿಡಿದಳು.

"ಒಳಗೆ ಮರಿ ಇದ್ರೆ?"

"ಪೆಟ್ರೋಲ್ ವಾಸ್ನೇಲಿ ಬದುಕಿರ್ತಾವಾ?"

"ಗೊತ್ತಿಲ್ಲ. ರೇಷ್ಮೆ ಗೂಡನ್ನ ಹುಳದ ಸಮೇತ ಬೇಯ್ಸೋದು ನೋಡೀ ನೋಡೀ ನಂಗೆ ಹಿಂಗೆ ಆಗೈತೆ. ಅಷ್ಟು ತುದೀನ ಕತ್ತರ್ಸಿಬಿಡು. ಕೊಳವೆ ಉದ್ದಕ್ಕೇ ಐತಲ್ಲ."

ಕತ್ತರಿಸಿದೆ. ಅವಳು ಬೆರಳುದ್ದದ ಆ ತುಂಡನ್ನು ಎರಡು ಕಲ್ಲುಗಳ ಸಂದಿಯಲ್ಲಿ ನೆರಳು ನೋಡಿ ಇಟ್ಟಳು.

ಮುಂದೆ ಕಾರು ಎಲ್ಲೂ ನಿಲ್ಲಲಿಲ್ಲ. ಅಕ್ಕನ ಜಡೆ ಬಿಚ್ಚಿಹೋಗಿ ನರೆತ ಕೂದಲು ಗಾಳಿಗೆ ಹಾರುತ್ತಿತ್ತು. ಮೊಳಕಾಲ್ಮೂರು ಬಂದರೂ ಇಳಿಯಲಿಲ್ಲ. ದೇವಸಮುದ್ರದ ಕಡೆ ಹೋಗು ಎಂದಳು. ಅಲ್ಲಿ ಹೊಲಗಳ ನಡುವಿನ ಖಾಲಿ ದಾರಿಯಲ್ಲಿ, ನನ್ನತ್ತ ನೋಡದೆಯೇ, "ನಾನೂ ಒಂದ್ಸಲ ಹಿಡಿಲಾ?" ಎಂದು ಕೇಳಿದಳು.

ಜಾಗ ಬದಲಿಸಿಕೊಂಡೆವು. ಕ್ಲಚ್ ಬಿಟ್ಟೊಡನೆ ಕಾರು ಜಿಗಿದು ಆಫ್ ಆಯಿತು. ಮತ್ತೆ ಪ್ರಯತ್ನಿಸಿದಳು, ಮತ್ತೆ ಆಫ್. ಕುರಿ ಹೊಡೆದುಕೊಂಡು ಬರುತ್ತಿದ್ದವನೊಬ್ಬ ನಿಂತು, "ಏಮಕ್ಕಾ, ಬಂಡಿ ಚೆಡಿಪೋಯಿಂದಾ?" ಎಂದು ತೆಲುಗಿನಲ್ಲಿ ವಿಚಾರಿಸಿದ. ಗಾಡಿ ಕೆಟ್ಟಿತಾ ಎಂದು ಅವನ ಪ್ರಶ್ನೆ.

"ಲೇದಪ್ಪಾ, ನೇರ್ಚುಕುಂಟುನ್ನಾ" ಎಂದಳು ಅಕ್ಕ. ಇಲ್ಲಪ್ಪ, ಕಲೀತಿದೀನಿ.

ಅವನು ನಗುತ್ತ ಕುರಿಗಳನ್ನು ಪಕ್ಕಕ್ಕೆ ಸರಿಸಿದ. ಈ ಸಲ ಕಾರು ಮೆತ್ತಗೆ ಹೊರಟಿತು. ಅಕ್ಕ ತುಟಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಮೊದಲನೇ ಗೇರಿನಲ್ಲೇ, ನಡೆಯುವವರಿಗಿಂತ ಚೂರೇ ಜೋರಾಗಿ ಶೇಂಗಾ ಹೊಲಗಳ ನಡುವೆ ಓಡಿಸುತ್ತ ಹೋದಳು. ಗೇರು ಬದಲಿಸು ಎಂದು ನಾನು ಹೇಳಲಿಲ್ಲ.