ನಾನು ಬಾ ಅಂದದ್ದು ಯಾರಿಗೆ

ಅಹಮದಾಬಾದಿನಿಂದ ಸೂರತ್ತಿಗೆ ರೈಲಿನಲ್ಲಿ ಹೋಗುವಾಗ ನನಗೆ ಎರಡೇ ಬೇಕು: ತೆರೆದ ಕಿಟಕಿ, ಕಿವಿಗೆ ಹಳೇ ಕನ್ನಡ ಸಿನಿಮಾ ಹಾಡು. ಅವತ್ತು ವಡೋದರಾ ದಾಟಿದ ಮೇಲೆ ಒಂದು ಕ್ಯಾಬರೆ ಹಾಡು ಬಂತು. ಹತ್ತಿ ಹೊಲಗಳನ್ನು ನೋಡುತ್ತಾ ಮೈಮರೆತು ನಾನೂ "ಬಾ... ಬಾ..." ಅಂತ ರಾಗ ಎಳೆದೆ. ಗಾಳಿಗೆ ಕಣ್ಣಲ್ಲಿ ನೀರು ಬೇರೆ.

ಎದುರಿಗಿದ್ದ ಗುಜರಾತಿ ಹೆಂಗಸು ಮೊಣಕಾಲು ತಟ್ಟಿದರು. ಇಯರ್‌ಫೋನ್ ತೆಗೆದೆ.

"ಅಳಬೇಡ ಬೇಟಾ," ಅಂದರು ಹಿಂದಿಯಲ್ಲಿ. "ಬಾ ಊರಲ್ಲಿದ್ದಾರಾ, ಇಲ್ಲಾ ತೀರಿಕೊಂಡರಾ?"

ಗುಜರಾತಿಯಲ್ಲಿ ಬಾ ಅಂದರೆ ತಾಯಿ ಅಂತ ಆಗ ಹೊಳೆಯಿತು. ನಾನು ಕರೆಯುತ್ತಿದ್ದದ್ದು ಅರೆಬಟ್ಟೆಯ ನರ್ತಕಿಯನ್ನು ಅಂತ ಯಾವ ಬಾಯಲ್ಲಿ ಹೇಳಲಿ? "ಊರಲ್ಲಿದ್ದಾರೆ" ಅಂದೆ.

ಡಬ್ಬಿಯಿಂದ ಮೆಂತ್ಯದ ಚಪಾತಿಯಂಥ ಥೇಪ್ಲಾ ತೆಗೆದು ಕೈಗಿಟ್ಟು, "ಈಗಲೇ ಫೋನ್ ಮಾಡು" ಅಂತ ಪಟ್ಟು ಹಿಡಿದರು. ಅಕ್ಕಪಕ್ಕದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಕಿಟಕಿಯಿಂದ ನೋಡಬೇಕೆಂದು ನಾನು ಕಾದು ಕೂತಿದ್ದ ನರ್ಮದಾ ನದಿ ಈ ಗಡಿಬಿಡಿಯಲ್ಲೇ ದಾಟಿಹೋಯಿತು.

"ಅಮ್ಮಾ, ಸುಮ್ಮನೆ ಮಾಡಿದೆ. ನಿನ್ನ ನೆನಪಾಯ್ತು."

ಆ ಕಡೆಯಿಂದ ಅಮ್ಮ, "ಹಾಡುಹಗಲೇ ಕುಡಿದಿದ್ದೀಯೇನೋ?"

ಪಾನನಿಷೇಧ ಇರುವ ರಾಜ್ಯದಲ್ಲಿ ಕೂತು ಈ ಮಾತು ಕೇಳಬೇಕಾಯಿತಲ್ಲ! ಎದುರಿನವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಕೇಳಿದರು, "ಬಾ ಏನಂದರು?"

"ಆಶೀರ್ವಾದ ಮಾಡಿದರು" ಅಂದೆ.