ಬೆನ್ನ ಮೇಲೆ ಹೊಲಿದ ಯೂನಿಫಾರ್ಮ್

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ನಮ್ಮ ಶಾಲೆಯಲ್ಲಿ ಯೂನಿಫಾರ್ಮ್ ಕಡ್ಡಾಯವಾಯಿತು. ಅಲ್ಲಿಯ ತನಕ ಯಾರು ಏನು ಹಾಕಿಕೊಂಡು ಬಂದರೂ ನಡೆಯುತ್ತಿತ್ತು. ಅರವತ್ತರ ದಶಕದ ಆರಂಭದ ಜಯನಗರ ಅರ್ಧ ಊರು, ಅರ್ಧ ಬಯಲು. ಅಳತೆಗಲ್ಲು ನೆಟ್ಟ ಖಾಲಿ ಸೈಟುಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಶೀಟು ಹೊದಿಸಿದ ಎರಡು ಉದ್ದನೆಯ ಕೊಠಡಿಗಳಲ್ಲಿ ನಡೆಯುತ್ತಿದ್ದ ಶಾಲೆಗೆ ಹೊಸ ಕಟ್ಟಡವಾಯಿತು, ಕಟ್ಟಡದ ಜೊತೆಗೇ ಹೊಸ ಶಿಸ್ತೂ ಬಂತು. ಹುಡುಗಿಯರಿಗೆ ಕಡು ನೀಲಿ ಸ್ಕರ್ಟು, ಕಾಲರ್ ಇರುವ ಬಿಳಿ ಬ್ಲೌಸು. ಬ್ಲೌಸಿಗೆ ಬೆನ್ನ ಕಡೆ ಗುಂಡಿ. ಗಂಜಿ ಹಾಕಿ ಇಸ್ತ್ರಿ ಮಾಡಿಯೇ ತೊಡಿಸಿ ಕಳಿಸಬೇಕು ಎಂದು ಹೆಡ್‌ಮಿಸ್ ಎಲ್ಲ ಮನೆಗಳಿಗೂ ಚೀಟಿ ಕಳಿಸಿದ್ದರು.

ನನಗಂತೂ ಸಂಭ್ರಮ. ಗಂಜಿ ಹಾಕಿದ ಬಟ್ಟೆ ನಡೆದಾಗ ಸರಸರ ಸದ್ದು ಮಾಡುವುದೇ ಒಂದು ಗತ್ತು ಎನಿಸುತ್ತಿತ್ತು. ತೊಂದರೆಯಾದದ್ದು ನನ್ನ ತಂಗಿಗೆ.

ಅವಳಿಗೆ ಆಗ ಏಳು ವರ್ಷ, ಎರಡನೇ ಕ್ಲಾಸು. ಹೊಸ ಬಟ್ಟೆ ಎಂದರೆ ಅವಳಿಗೆ ಹುಟ್ಟಿದಾಗಿನಿಂದಲೂ ಆಗುತ್ತಿರಲಿಲ್ಲ. ಯುಗಾದಿಯ ದಿನ ಎಣ್ಣೆನೀರು ಹಾಕಿ ಹೊಸ ಫ್ರಾಕು ತೊಡಿಸಿದರೆ, ಎಲೆಗೆ ಒಬ್ಬಟ್ಟು ಬೀಳುವಷ್ಟರಲ್ಲಿ ಅದನ್ನು ಕಿತ್ತುಹಾಕಿ, ಅಜ್ಜಿಯ ಹಳೇ ಸೀರೆಯಲ್ಲಿ ಹೊಲಿದ ಅಂಗಿ ಹಾಕಿಕೊಂಡು ಬಂದು ಕೂರುತ್ತಿದ್ದಳು. ತಲೆ ಬಾಚಿದರೆ ಚೀರುತ್ತಿದ್ದಳು. ಮನೆಯವರೆಲ್ಲ ಇದನ್ನು ಹಟ ಎಂದೇ ತೀರ್ಮಾನಿಸಿದ್ದರು. ಕೊನೆಯ ಮಗು ಎಂದು ಮುದ್ದು ಮಾಡಿದ್ದೇ ತಪ್ಪಾಯಿತು ಎಂದು ಅಮ್ಮ ಹೇಳುತ್ತಿದ್ದಳು. ಅಪ್ಪ ಕಚೇರಿಯಲ್ಲಿ ಗುಮಾಸ್ತರು. ಇಂಥ ಗಲಾಟೆ ಶುರುವಾದರೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು.

ಯೂನಿಫಾರ್ಮಿನ ಮೊದಲ ದಿನ ಅವಳು ಎರಡೂ ಕೈಗಳನ್ನು ಮೈಯಿಂದ ದೂರ ಚಾಚಿಕೊಂಡು ನಡೆದಳು, ಮೈಗೆ ಒದ್ದೆ ಬಣ್ಣ ಬಳಿಸಿಕೊಂಡವರ ಹಾಗೆ. ಸರಿಯಾಗಿ ನಡೆ ಎಂದು ನಾನು ಗದರಿದೆ. ಕತ್ತು ತಿರುಗಿಸದೆ ಹೂಂ ಅಂದಳು.

ಮೂರನೆಯ ದಿನ ಅವಳ ಕ್ಲಾಸಿನಿಂದ ನನಗೆ ಕರೆ ಬಂತು. ಹೋಗಿ ನೋಡಿದರೆ ನನ್ನ ತಂಗಿ ಪೆಟಿಕೋಟಿನಲ್ಲಿ ಬೆಂಚಿನ ಮೇಲೆ ನಿಂತಿದ್ದಾಳೆ. ಲೆಕ್ಕದ ಪಾಠದ ಮಧ್ಯೆ ಬ್ಲೌಸು, ಸ್ಕರ್ಟು ಎರಡನ್ನೂ ಬಿಚ್ಚಿ, ನೀಟಾಗಿ ಮಡಿಸಿ ಪಕ್ಕಕ್ಕಿಟ್ಟು, ಮತ್ತೆ ಸ್ಲೇಟು ಹಿಡಿದಿದ್ದಳಂತೆ. ಅದಕ್ಕೆ ಟೀಚರು ಬೆಂಚು ಹತ್ತಿಸಿದ್ದರು. ನಲವತ್ತು ಮಕ್ಕಳು ನಗುತ್ತಿದ್ದರು. ಅವಳು ಅಳುತ್ತಿರಲಿಲ್ಲ. ಅವಳ ಮೇಲೆ ಕನಿಕರ ಬರಲಿಲ್ಲ. ನನ್ನ ಮಾನ ಹೋಯಿತು ಎನ್ನುವುದೊಂದೇ ತಲೆಯಲ್ಲಿತ್ತು.

ಆಮೇಲಿನ ಎರಡು ವಾರ ದಿನಾ ಬೆಳಿಗ್ಗೆ ಏಟು, ಅಳು. ಇನ್ನೊಮ್ಮೆ ಬಟ್ಟೆ ಬಿಚ್ಚಿದರೆ ಶಾಲೆಯಿಂದ ತೆಗೆಸುವುದಾಗಿ ಟೀಚರು ಹೇಳಿ ಕಳಿಸಿದ್ದರು. ಅಮ್ಮ ಗುಂಡಿಗಳ ಮೇಲೆ ಪಿನ್ನು ಹಾಕಿ ನೋಡಿದಳು. ತಂಗಿ ಪಿನ್ನನ್ನೂ ಬಿಚ್ಚಿದಳು. ಆಗ, ಒಂದು ಸೋಮವಾರ ಬೆಳಿಗ್ಗೆ, ನಾನು ಹೇಳಿದ ಮಾತು ಇದು:

"ಅಮ್ಮ, ಹಾಕಿದ ಮೇಲೆ ಬೆನ್ನ ಹಿಂದೆ ಹೊಲಿದುಬಿಡೋಣ. ಬಿಚ್ಚಕ್ಕೇ ಆಗಲ್ಲ."

ಅಮ್ಮ ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಸೂಜಿ ದಾರದ ಡಬ್ಬಿ ತಂದು ನನ್ನ ಕೈಗೇ ಕೊಟ್ಟಳು. ಅಮ್ಮ ತಂಗಿಯ ಭುಜ ಹಿಡಿದುಕೊಂಡಳು, ನಾನು ಕಾಲರಿನಿಂದ ಸೊಂಟದವರೆಗೆ ಜೋಡಿ ದಾರದಲ್ಲಿ ಹೊಲಿದೆ. ಶಾಲೆಯಲ್ಲಿ ಹೊಲಿಗೆಗೆ ನನಗೇ ಮೊದಲ ಮಾರ್ಕು ಬರುತ್ತಿತ್ತು. ತಂಗಿ ಅವತ್ತು ಅರಚಲಿಲ್ಲ. ಗೋಡೆ ನೋಡಿಕೊಂಡು ನಿಂತಿದ್ದಳು. ಕೊನೆಗೂ ದಾರಿಗೆ ಬಂದಳು ಎಂದು ನಾವಿಬ್ಬರೂ ಅಂದುಕೊಂಡೆವು.

ಮಧ್ಯಾಹ್ನದ ಊಟದ ಬೆಲ್ಲು ಹೊಡೆದು ಸ್ವಲ್ಪ ಹೊತ್ತಾಗಿರಬೇಕು. ಶಾಲೆಯ ಆಯಾ ನೀರಿನ ತೊಟ್ಟಿಯ ಕಡೆಯಿಂದ ಕೂಗುತ್ತ ಬಂದಳು. ಓಡಿದೆ. ತೊಟ್ಟಿಯ ಹಿಂದೆ ನನ್ನ ತಂಗಿ ಕುಕ್ಕರಗಾಲಲ್ಲಿ ಕೂತಿದ್ದಳು. ಬಿಳಿ ಬ್ಲೌಸಿನ ಬೆನ್ನೆಲ್ಲ ಕೆಂಪು. ಕೈಯಲ್ಲಿ ಪೆನ್ಸಿಲ್ ಹೆರೆಯುವ ಅರ್ಧ ಬ್ಲೇಡು. ಕೈಯನ್ನು ಹಿಂದಕ್ಕೆ ತಿರುಚಿ, ಕಾಣದ ದಾರವನ್ನು ಹುಡುಕಿ ಕುಯ್ಯಲು ಹೋಗಿ ತನ್ನ ಬೆನ್ನನ್ನೇ ಕುಯ್ದುಕೊಂಡಿದ್ದಳು, ಒಂದು ಸಲವಲ್ಲ, ನಾಲ್ಕೈದು ಸಲ. ನಾನು ಬಂದದ್ದು ಕಂಡರೂ ನಿಲ್ಲಿಸಲಿಲ್ಲ.

"ಇನ್ನು ಸ್ವಲ್ಪ ಉಳಿದಿದೆ ಅಕ್ಕ, ನೀನು ಬಿಚ್ಚಿಕೊಡ್ತೀಯಾ?" ಅಂದಳು.

ನನ್ನ ಕಾಲು ಅಲ್ಲೇ ನೆಟ್ಟುಹೋಯಿತು. ಕೈ ಮುಂದೆ ಹೋಗಲಿಲ್ಲ. ಹೆಡ್‌ಮಿಸ್ ಯಾವಾಗ ಬಂದರೋ ಗೊತ್ತಿಲ್ಲ. ಅವರು ನನ್ನನ್ನು ಪಕ್ಕಕ್ಕೆ ಸರಿಸಿ, ಬ್ಲೇಡು ಕಿತ್ತುಕೊಂಡು, ಉಳಿದ ದಾರವನ್ನು ಎಳೆದು ಹರಿದರು. ಬ್ಲೌಸು ಕೆಳಗೆ ಬಿತ್ತು. ಆಗ ಎಲ್ಲರಿಗೂ ಅವಳ ಮೈ ಕಾಣಿಸಿತು. ಬ್ಲೇಡಿನ ಗಾಯ ಒಂದು ಕಡೆ. ಕುತ್ತಿಗೆಯ ಸುತ್ತ, ಕಂಕುಳಲ್ಲಿ, ಸೊಂಟದಲ್ಲಿ, ಬಟ್ಟೆಯ ಹೊಲಿಗೆ ಬರುವ ಕಡೆಯೆಲ್ಲ, ಬಾಸುಂಡೆಯ ಹಾಗೆ ಕೆಂಪು ಗೆರೆ. ಕೆರೆದು ಕೆರೆದು ಕೆಲವು ಹುಣ್ಣಾಗಿದ್ದವು. ಅವಳ ಪಕ್ಕದಲ್ಲೇ ಮಲಗುತ್ತಿದ್ದ ನಾನು ಅದನ್ನು ನೋಡಿಯೇ ಇರಲಿಲ್ಲ.

"ಇದನ್ನ ಹೊಲಿದಿದ್ದು ಯಾರು?" ಎಂದು ಹೆಡ್‌ಮಿಸ್ ಕೇಳಿದರು.

"ನಾನು," ಎಂದೆ. ಅವರು ನನ್ನನ್ನು ಬೈಯಲಿಲ್ಲ. ತಮ್ಮ ಸೆರಗಿನಲ್ಲಿ ಅವಳನ್ನು ಸುತ್ತಿ ಎತ್ತಿಕೊಂಡರು.

ಜಟಕಾದಲ್ಲಿ ವಿಲ್ಸನ್ ಗಾರ್ಡನ್ನಿನ ಡಾಕ್ಟರ ಬಳಿ ಹೋದೆವು. ದಾರಿಯಲ್ಲಿ ಅಮ್ಮನನ್ನೂ ಹತ್ತಿಸಿಕೊಂಡೆವು. ರಕ್ತ ನೋಡಿ ಗಾಡಿಯ ಪಟ್ಟಿ ಹಿಡಿದು ಕೂತ ಅಮ್ಮ ಇಳಿಯುವ ತನಕ ಕೈ ಬಿಡಲಿಲ್ಲ. ಒಂದು ಗಾಯ ಆಳವಾಗಿತ್ತು. ಡಾಕ್ಟರು ಅದಕ್ಕೆ ಹೊಲಿಗೆ ಹಾಕಿದರು. ತಂಗಿ ಮುಖ ಕಿವುಚಿದಳು, ಅಷ್ಟೇ, ಅಳಲಿಲ್ಲ. ಹೆಡ್‌ಮಿಸ್ ಅದನ್ನೇ ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ ಅವಳ ಮುಂದೆ ಸ್ಟೂಲು ಎಳೆದುಕೊಂಡು ಕೂತರು.

"ಸೂಜಿಗೆ ಅಳಲಿಲ್ಲ ನೀನು. ಅಂಗಿಗೆ ಯಾಕಮ್ಮ ಅಳ್ತೀಯ?"

"ಸೂಜಿ ಚುಚ್ಚಿ ಸುಮ್ನಾಗತ್ತೆ ಮಿಸ್. ಅದು ಸುಮ್ನಾಗಲ್ಲ."

ಎಲ್ಲೆಲ್ಲಿ ಎಂದು ಅವರು ಕೇಳಿದರು. ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ ಎಂದು ಅವಳು ಬೆರಳಿಟ್ಟು ತೋರಿಸಿದಳು. ಕಾಲರಿನ ಅಂಚು. ತೋಳು ಕೂಡುವ ಜಾಗ. ಸ್ಕರ್ಟಿನ ಪಟ್ಟಿ. ಗಂಜಿಯ ವಾಸನೆಗೂ ಹೊಟ್ಟೆ ತೊಳೆಸುತ್ತದೆ ಎಂದಳು. ಏಳು ವರ್ಷದಲ್ಲಿ ಅವಳು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಮ್ಮ ಗೋಡೆಗೆ ಒರಗಿ ನಿಂತು, ಇದು ಯಾರ ಮಗುವೋ ಎನ್ನುವ ಹಾಗೆ ಅವಳನ್ನು ನೋಡುತ್ತಿದ್ದಳು.

ಹೆಡ್‌ಮಿಸ್ ಅಮ್ಮನ ಕಡೆ ತಿರುಗಿ, "ಆ ಚೀಟಿ ಬರೆದವಳು ನಾನೇ. ನೀವೊಬ್ಬರೇ ಹೊಣೆ ಅಂದ್ಕೋಬೇಡಿ," ಎಂದರು. ಆಗ ಅಮ್ಮ ಅತ್ತಳು.

ಗಾಯ ಮಾಯುವ ತನಕ ತಂಗಿ ಮನೆಯಲ್ಲಿದ್ದಳು. ಆ ದಿನಗಳಲ್ಲಿ ಅಮ್ಮ ಒಂದು ಹಳೇ ಬಿಳಿ ಪಂಚೆಯನ್ನು ಕತ್ತರಿಸಿ ಕಾಲರಿಲ್ಲದ ಬ್ಲೌಸು ಹೊಲಿದಳು, ಹೊಲಿಗೆಯ ಅಂಚುಗಳೆಲ್ಲ ಹೊರಗೆ ಬರುವಂತೆ. ಸ್ಕರ್ಟನ್ನು ವಾರವಿಡೀ ನೆನೆಸಿ, ಒಗೆಯುವ ಕಲ್ಲಿಗೆ ಬಡಿದು ಬಡಿದು ಅದರ ನೀಲಿಯೇ ಮಾಸಿತು. ಪ್ರತಿ ಸಲ ಒಗೆದ ಮೇಲೂ ಅಮ್ಮ ಬಟ್ಟೆಯನ್ನು ಅವಳ ಕೆನ್ನೆಗೆ ಒತ್ತಿ, ಆಗುತ್ತಾ ಎಂದು ಕೇಳುತ್ತಿದ್ದಳು. ಪೇಪರು ಬಿಟ್ಟೆದ್ದ ಅಪ್ಪ ಒಂದು ಸಂಜೆ ತಾವೇ ಆ ಸ್ಕರ್ಟಿನ ಪಟ್ಟಿಯನ್ನು ಬಿಚ್ಚಿ, ಸಡಿಲವಾಗಿ ಲಾಡಿ ಪೋಣಿಸಿದರು.

ಅದನ್ನೇ ಹಾಕಿಕೊಂಡು ಬರಲಿ ಎಂದು ಹೆಡ್‌ಮಿಸ್ ಹೇಳಿದರೂ ಶಾಲೆಯಲ್ಲಿ ಎಲ್ಲರೂ ಒಪ್ಪಲಿಲ್ಲ. ಕ್ಲಾಸ್ ಟೀಚರು ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿದ್ದರು. ಒಬ್ಬಳಿಗೊಂದು ನ್ಯಾಯ, ಮಿಕ್ಕವರಿಗೊಂದು ನ್ಯಾಯವೇ ಎಂದು ಇಬ್ಬರು ತಂದೆಯರು ಬಂದು ಕೇಳಿದರು. ಹೆಡ್‌ಮಿಸ್ ಅವರಿಗೆ ಏನು ಹೇಳಿದರೋ ತಿಳಿಯದು, ಮತ್ತೆ ಯಾರೂ ಬರಲಿಲ್ಲ. ಆದರೆ ಶಾಲೆಯ ತಪಾಸಣೆಗೆ ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಮಾತ್ರ ಅವರೇ ಅಮ್ಮನಿಗೆ ಹೇಳಿ ಕಳಿಸಿದರು: ನಾಳೆ ಚಿಕ್ಕವಳನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಅಷ್ಟು ಧೈರ್ಯದ ಹೆಂಗಸೂ ಅಲ್ಲಿ ಸೋತರಲ್ಲ ಎಂದು ನನಗೆ ಆಗ ಕೋಪ ಬಂದಿತ್ತು.

ಅವಳು ಅಲ್ಲೇ ಓದಿದಳು, ಚೆನ್ನಾಗಿಯೇ ಓದಿದಳು. ಈಗ ಇಂಥ ಮಕ್ಕಳ ಬಗ್ಗೆ ಡಾಕ್ಟರುಗಳು ವಿವರಿಸಿ ಹೇಳುತ್ತಾರೆ. ನಮಗೆ ಆಗ ಹಟ ಎನ್ನುವ ಒಂದೇ ಪದ ಗೊತ್ತಿತ್ತು.

ಅವಳು ಕಾಲೇಜು ಸೇರಿದ ವರ್ಷ, ನನ್ನ ಮದುವೆಗೆ ಸ್ವಲ್ಪ ಮುಂಚೆ, ನಾವಿಬ್ಬರೂ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಅಷ್ಟು ವರ್ಷ ಬಾಯಿಗೆ ಬಾರದ ಮಾತನ್ನು ಅವತ್ತು ಎತ್ತಿದೆ. ಯಾಕೆ ಯಾರಿಗೂ ಹೇಳಲಿಲ್ಲ ನೀನು, ಅಷ್ಟು ನೋಯುತ್ತೆ ಅಂತ, ಎಂದು ಕೇಳಿದೆ. ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸದೆ ಹೇಳಿದಳು.

"ಎಲ್ಲರಿಗೂ ಹಾಗೇ ಆಗತ್ತೆ ಅಂದ್ಕೊಂಡಿದ್ದೆ ಅಕ್ಕ. ನಿಂಗೂ ಅಷ್ಟೇ ನೋಯತ್ತೆ, ನೀನು ತಡ್ಕೊಂಡು ನಗ್ತೀಯ, ನಂಗೆ ಮಾತ್ರ ತಡ್ಕೊಳಕ್ಕೆ ಬರಲ್ಲ ಅಂತ. ಅದ್ಕೇ ನಾಚಿಕೆ ಆಗ್ತಿತ್ತು."

ಅವಳ ಏಳು ವರ್ಷದ ಕಣ್ಣಿಗೆ ಆ ಶಾಲೆಯ ಅಂಗಳದಲ್ಲಿ ಗಂಜಿ ಬಟ್ಟೆ ತೊಟ್ಟು ಕುಣಿಯುತ್ತಿದ್ದ ನಾವೆಲ್ಲರೂ ಉರಿಯುತ್ತಲೇ ಕುಣಿಯುತ್ತಿದ್ದೆವು. ಅಂಥ ಲೋಕದಲ್ಲಿ ಅವಳು ಅಷ್ಟು ವರ್ಷ ಒಬ್ಬಳೇ ಇದ್ದಳು ಎನ್ನುವುದು ನನಗೆ ಹೊಳೆದಿರಲೇ ಇಲ್ಲ.